ಮ್ಯಾಚ್ ದಿನ ಬರುವ ಜ್ವರ

ಬ್ಲಾಗಿಗೆ ಧೂಳು ಹಿಡಿದಿತ್ತು. ಯಾಕೆ ಬರೀತಿಲ್ಲ ಅಂತ ಬೈದವರಿಗೂ, ಬೈಯದೇ ಸುಮ್ಮನಿದ್ದವರಿಗೂ ನಮಸ್ಕಾರ :-) ಇವತ್ತು ಬರೆಯೋದಕ್ಕೆ ಕಾರಣ ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ನಡೆದ ಒಂದು ವಾದ. ದೊಡ್ಡ ಮ್ಯಾಚ್ ಇದ್ದ ದಿನ ಕೇಳಿದವರಿಗೆಲ್ಲ ರಜೆ ಕೊಡಬೇಕು ಅಂತ ಅರ್ಧ ಜನ. ಹಾಗೆ ಕೊಡ್ತಾ ಹೋದರೆ ಕಂಪನಿ ಬಾಗಿಲು ಹಾಕಬೇಕಾಗುತ್ತೆ ಅಂತ ಇನ್ನರ್ಧ ಜನ. ಮೊದಲ ಗುಂಪಿನಲ್ಲಿದ್ದವರು ಇಂಜಿನಿಯರುಗಳು. ಎರಡನೆಯದರಲ್ಲಿದ್ದವರು ಇತ್ತೀಚೆಗಷ್ಟೇ ಮ್ಯಾನೇಜರುಗಳಾದ ಮಾಜಿ ಇಂಜಿನಿಯರುಗಳು. ಇಬ್ಬರೂ ರಜೆ ಹಾಕಿ ಹೋಗುವವರ ಬಗ್ಗೆಯೇ ಮಾತಾಡುತ್ತಿದ್ದರು. ಆ ದಿನ ಆಫೀಸಿನಲ್ಲಿ ಉಳಿಯುವವರು ಯಾರು ಅಂತ ಒಬ್ಬರೂ ಕೇಳಲಿಲ್ಲ.

ನಾನು ಕೇಳೋದು ಅದನ್ನೇ. ಅದಕ್ಕೆ ಕಾರಣ ಇದೆ.

2023ರ ನವೆಂಬರ್ 15 ನೆನಪಿದೆಯಲ್ಲ? ಬುಧವಾರ. ವಾಂಖೆಡೆಯಲ್ಲಿ ನ್ಯೂಜಿಲೆಂಡ್ ಜೊತೆ ವಿಶ್ವಕಪ್ ಸೆಮಿಫೈನಲ್. ಕೊಹ್ಲಿಯ 50ನೇ ಏಕದಿನ ಶತಕ, ಶಮಿಯ ಏಳು ವಿಕೆಟ್, ಭಾರತಕ್ಕೆ 70 ರನ್ನುಗಳ ಗೆಲುವು. ಅದಕ್ಕೂ ಮೊದಲಿನ ಮೂರು ದಿನ ನೋಡಿ. 12 ಭಾನುವಾರ ನರಕ ಚತುರ್ದಶಿ, 14 ಮಂಗಳವಾರ ಬಲಿಪಾಡ್ಯಮಿ. ನಡುವಿನ ಸೋಮವಾರಕ್ಕೆ ಒಂದು ರಜೆ ಹಾಕಿದರೆ ಊರಿಗೆ ಹೋಗಿ ಹಬ್ಬ ಮುಗಿಸಿ ಬರಬಹುದು. ಬುಧವಾರ ಜ್ವರ ಬಂದರಂತೂ ಮ್ಯಾಚೂ ಮುಗಿಸಿಯೇ ಬರಬಹುದು. ಆಗ ನಾನಿದ್ದ ಕಂಪನಿಯಲ್ಲಿ (ಹೆಸರು ಬೇಡ, ಈಗ ಅಲ್ಲಿಲ್ಲ) ಪಕ್ಕದ ತಂಡದಲ್ಲಿ ಹನ್ನೊಂದು ಜನ. ಕ್ರಿಕೆಟ್ ತಂಡದಷ್ಟೇ ಸರಿಯಾಗಿ! ಅವತ್ತು ಬೆಳಿಗ್ಗೆ ಅವರಲ್ಲಿ ಏಳು ಜನಕ್ಕೆ ಜ್ವರ. ಒಬ್ಬನಿಗೆ ಬಸ್ ತಪ್ಪಿತ್ತು. ಮ್ಯಾನೇಜರಿಗೆ ಹೊಟ್ಟೆನೋವು.

ಉಳಿದ ಇಬ್ಬರಲ್ಲಿ ಒಬ್ಬ ಸಂಜೆ ಐದಕ್ಕೆ ಎದ್ದು ಹೋದ. ಕೊನೆಗೆ ಉಳಿದವಳು ಬೀಳಗಿ ತಾಲೂಕಿನ ಹುಡುಗಿ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದ ಮನೆತನ. ಅವಳು ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು ಅಷ್ಟೇ. ದೀಪಾವಳಿ ಪಾಡ್ಯಕ್ಕೆ ಮನೆಗೆ ಹೋಗಬೇಕು ಅಂತ ಹದಿನೈದು ದಿನ ಮೊದಲೇ ಅರ್ಜಿ ಹಾಕಿದ್ದಳು. "ಹೊಸಬರು ಯಾರಾದ್ರೂ ಇರ್ಲೇಬೇಕಲ್ಲಮ್ಮ" ಅಂತ ಅರ್ಜಿ ವಾಪಸ್ ಬಂದಿತ್ತು. ನಾನು ರಾತ್ರಿ ಎಂಟರ ಸುಮಾರಿಗೆ ಕಾಫಿ ಮಷೀನಿನ ಹತ್ತಿರ ಹೋದಾಗ ಅವಳು ಫೋನ್ ಹಿಡಿದುಕೊಂಡು ನಿಂತಿದ್ದಳು. ಹಣ ಪಾವತಿಯ ಸರ್ವರ್ ಮಲಗಿಬಿಟ್ಟಿತ್ತು. ಹಿಂದಿನ ವಾರ ಆ ಕೋಡ್ ಬದಲಾಯಿಸಿದವನಿಗೆ ಜ್ವರ. ಪಾಸ್‌ವರ್ಡ್ ಗೊತ್ತಿದ್ದವನಿಗೂ ಜ್ವರ. ಒಂಬತ್ತು ಜನಕ್ಕೂ ಒಬ್ಬೊಬ್ಬರಿಗಾಗಿ ಫೋನ್ ಮಾಡಿದ್ದಾಳೆ, ಒಬ್ಬರೂ ಎತ್ತಿಲ್ಲ. ನಾನು ಬೇರೆ ತಂಡದವನು, ಆದರೂ ಪಕ್ಕದಲ್ಲಿ ಕೂತೆ. ಸರ್ವರ್ ಎದ್ದಾಗ ರಾತ್ರಿ ಒಂದು ಗಂಟೆ. ಮರುದಿನದ ಮೀಟಿಂಗಿನಲ್ಲಿ ಅವಳನ್ನು ಕೇಳಿದ ಮೊದಲ ಪ್ರಶ್ನೆ: "ಇಷ್ಟು ತಡ ಯಾಕಾಯ್ತು?"

ಕೇಳಿದವರು ಹೊಟ್ಟೆನೋವಿನಿಂದ ಅವತ್ತಷ್ಟೇ ಚೇತರಿಸಿಕೊಂಡಿದ್ದರು.

ಇಲ್ಲಿ ಮ್ಯಾಚ್ ನೋಡಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ನಾನೂ ಕ್ರಿಕೆಟ್ ಹುಚ್ಚನೇ. ತಪ್ಪಾಗಿದ್ದು ಜ್ವರದಲ್ಲಿ. ಒಂಬತ್ತು ಜನ ಒಂದು ವಾರ ಮೊದಲೇ "ನಾವು ಇರೋದಿಲ್ಲ" ಅಂತ ಬಾಯಿ ಬಿಟ್ಟು ಹೇಳಿದ್ದರೆ, ಪಾಸ್‌ವರ್ಡ್ ಬೇರೆಯವರ ಕೈಗೆ ಬರುತ್ತಿತ್ತು, ಇಬ್ಬರು ಅನುಭವಸ್ಥರು ಫೋನ್ ಹತ್ತಿರ ಇಟ್ಟುಕೊಂಡಿರುತ್ತಿದ್ದರು, ಆ ಹುಡುಗಿ ಬಹುಶಃ ಊರಲ್ಲಿ ಇರುತ್ತಿದ್ದಳು. ಅವರು ಬಾಯಿ ಬಿಡದೇ ಇದ್ದದ್ದಕ್ಕೂ ಕಾರಣ ಇದೆ. ಮ್ಯಾಚ್ ನೋಡೋಕೆ ರಜೆ ಬೇಕು ಅಂತ ನಿಜ ಹೇಳಿದವನಿಗೆ ರಜೆ ಸಿಗೋದಿಲ್ಲ, ಜ್ವರ ಅಂದವನಿಗೆ ಸಿಗುತ್ತೆ. ಸುಳ್ಳಿಗೆ ಬಹುಮಾನ ಇಟ್ಟ ಮೇಲೆ ಎಲ್ಲರೂ ಸುಳ್ಳು ಹೇಳೋದು ಸಹಜ ಅಲ್ವಾ?

ಇನ್ನು ಈ ವಿಶ್ವಕಪ್ಪು ಹೇಳದೇ ಕೇಳದೇ ಬರುವ ಅಕಾಲಿಕ ಮಳೆಯೇನೂ ಅಲ್ಲ. 2023ರ ವೇಳಾಪಟ್ಟಿ ಹೊರಬಿದ್ದದ್ದು ಜೂನ್ 27ಕ್ಕೆ, ಟೂರ್ನಿಗೆ ನೂರು ದಿನ ಮೊದಲೇ. ಭಾರತ ಸೆಮಿಫೈನಲ್ ತಲುಪುತ್ತೋ ಇಲ್ಲವೋ ಅನ್ನೋದೊಂದೇ ಗೊತ್ತಿರದ ಸಂಗತಿ. ಷರತ್ತು ಹಾಕಿ ಕೋಡ್ ಬರೆಯೋದೇ ನಮ್ಮ ಹೊಟ್ಟೆಪಾಡು. "ಭಾರತ ಬಂದರೆ ರಜೆ, ಬಾರದಿದ್ದರೆ ಕೆಲಸ" ಅಂತ ಒಂದು ಷರತ್ತಿನ ರಜೆಚೀಟಿ ಬರೆಯೋದು ಅಷ್ಟು ಕಷ್ಟವಾ?

ಈಗ ನಮ್ಮೂರಿಗೆ ಬರ್ತೀನಿ. ನಾನು ಬನಹಟ್ಟಿಯವನು ಅಂತ ಹಳೆಯ ಓದುಗರಿಗೆ ಗೊತ್ತು. ರಬಕವಿ-ಬನಹಟ್ಟಿ ಅಂದರೆ ಮಗ್ಗ. ಓಣಿಯಲ್ಲಿ ನಡೆದರೆ ಎರಡೂ ಕಡೆ ಪಾವರ್‌ಲೂಮಿನ ಖಟಖಟ. ಅಲ್ಲಿ ರಜೆಯ ಲೆಕ್ಕ ಬೇರೆಯೇ. ನೇಕಾರನಿಗೆ ಕೂಲಿ ಸೀರೆಯ ಲೆಕ್ಕದಲ್ಲಿ. ಮಗ್ಗ ನಿಂತರೆ ಕೂಲಿಯೂ ನಿಂತಿತು. ಜ್ವರ ಬಂತು ಅಂತ ಮೇಲ್ ಕಳಿಸಿದರೆ ಯಾರೂ ಸಂಬಳ ಕೊಡೋದಿಲ್ಲ. ನಿಜವಾದ ಜ್ವರಕ್ಕೇ ಕೊಡೋದಿಲ್ಲ, ಇನ್ನು ಮ್ಯಾಚಿನ ಜ್ವರಕ್ಕೆ ಎಲ್ಲಿಂದ?

2011ರ ಮಾರ್ಚ್ 30, ಮೊಹಾಲಿಯಲ್ಲಿ ಪಾಕಿಸ್ತಾನದ ಜೊತೆ ಸೆಮಿಫೈನಲ್. ಅದೂ ಬುಧವಾರವೇ, ಮಧ್ಯಾಹ್ನ ಎರಡೂವರೆಗೆ ಶುರು. ದೇಶದ ತುಂಬ ಎಷ್ಟೋ ಕಂಪನಿಗಳು ಅರ್ಧ ದಿನ ರಜೆ ಕೊಟ್ಟವು. ಎರಡೂ ದೇಶದ ಪ್ರಧಾನಿಗಳೇ ಮೈದಾನದಲ್ಲಿ ಕೂತಿದ್ದರು ಅಂದ ಮೇಲೆ ಉಳಿದವರನ್ನು ಆಫೀಸಿನಲ್ಲಿ ಕೂರಿಸೋದು ಹೇಗೆ! ನಾನಾಗ ಏಳನೇ ಇಯತ್ತೆ. ನಮ್ಮ ಮನೆಯಲ್ಲಿ ನಾಲ್ಕು ಮಗ್ಗ. ನೇಯಲು ಬರುತ್ತಿದ್ದ ಅಣ್ಣಂದಿರು ಹಿಂದಿನ ದಿನವೇ ಅಪ್ಪನ ಹತ್ತಿರ ಮಾತಾಡಿಕೊಂಡಿದ್ದರು. ಅಪ್ಪ ಹೇಳಿದ್ದು ಇಷ್ಟು: "ನೋಡಾವ್ರು ಮಗ್ಗ ನಿಲ್ಸಿ ನೋಡ್ರಿ. ಮಗ್ಗ ಓಡಿಸ್ಕೊಂತ ಟಿವಿ ಕಡೆ ಕಣ್ ಹಾಕಬ್ಯಾಡ್ರಿ. ಎಳಿ ಹರದದ್ದು ಗೊತ್ತಾಗೂದಿಲ್ಲ."

ಮಗ್ಗದ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ವಿವರಿಸ್ತೀನಿ. ಹಾಸಿನಲ್ಲಿ ಸಾವಿರಾರು ಎಳೆ ಇರುತ್ತವೆ. ಲಾಳಿ ಹೊಕ್ಕು ಹೊರಡುವಾಗ ಒಂದು ಎಳೆ ಹರಿದರೂ ತಕ್ಷಣ ಮಗ್ಗ ನಿಲ್ಲಿಸಿ ಗಂಟು ಹಾಕಬೇಕು. ಗಮನಿಸದೇ ಬಿಟ್ಟರೆ ಮಗ್ಗ ಪಾಪ ನೇಯುತ್ತಲೇ ಹೋಗುತ್ತದೆ, ಬಟ್ಟೆಯ ಉದ್ದಕ್ಕೂ ಗೀರು ಬೀಳುತ್ತದೆ. ಆಮೇಲೆ ಆ ಸೀರೆಗೆ ಬೆಲೆ ಇಲ್ಲ. ಕೂಲಿಯಲ್ಲಿ ಮುರಿದುಕೊಳ್ಳುತ್ತಾರೆ. ನಿಂತ ಮಗ್ಗದಿಂದ ಒಂದು ಸೀರೆ ಕಮ್ಮಿ ಆಗಬಹುದು, ಕಣ್ಣು ತಪ್ಪಿದ ಮಗ್ಗದಿಂದ ಕೆಟ್ಟ ಸೀರೆ ಬರುತ್ತದೆ. ಎರಡನೆಯದೇ ದೊಡ್ಡ ನಷ್ಟ.

ನಮ್ಮ ಮ್ಯಾನೇಜರುಗಳಿಗೆ ಅರ್ಥವಾಗದೇ ಇರೋದು ಇದೇ. ಅರ್ಧ ಪರದೆಯಲ್ಲಿ ಸ್ಕೋರು, ಅರ್ಧ ಪರದೆಯಲ್ಲಿ ಕೋಡು. ಹಾಜರಾತಿ ಪೂರ್ತಿ ನೂರಕ್ಕೆ ನೂರು. ಮೇಲಿನವರಿಗೆ ಖುಷಿ. ಆ ದಿನ ಬರೆದ ಕೋಡಿನ ಗೀರು ಮಾತ್ರ ಮೂರು ವಾರ ಬಿಟ್ಟು ಗ್ರಾಹಕನ ಕಣ್ಣಿಗೆ ಬೀಳುತ್ತದೆ. ನನ್ನನ್ನು ಕೇಳಿದರೆ ದೊಡ್ಡ ಮ್ಯಾಚ್ ದಿನ ಹೊಸ ಕೋಡ್ ಸರ್ವರಿಗೆ ಹಾಕಲೇಬಾರದು. ಶುಕ್ರವಾರ ಸಂಜೆ ಹಾಕಬೇಡಿ ಅಂತ ಅಲಿಖಿತ ನಿಯಮ ಇದೆಯಲ್ಲ, ಹಾಗೇ. ಮ್ಯಾಚಿನಿಂದ ದೇಶಕ್ಕೆ ಇಷ್ಟು ಕೋಟಿ ನಷ್ಟ ಅಂತ ಪ್ರತಿ ವಿಶ್ವಕಪ್ಪಿನಲ್ಲೂ ಪತ್ರಿಕೆಗಳಲ್ಲಿ ಲೆಕ್ಕ ಬರುತ್ತದೆ. ಸಂಬಳವನ್ನು ಗಂಟೆಗೆ ಭಾಗಿಸಿ, ಜನರಿಂದ ಗುಣಿಸಿ ಬರೆದುಬಿಡುತ್ತಾರೆ. ಉಳಿದ ದಿನ ನಾವೆಲ್ಲ ಎಂಟು ಗಂಟೆ ಉಸಿರು ಬಿಡದೇ ದುಡೀತೀವಿ ಅನ್ನೋ ಹಾಗೆ! ವಾರಕ್ಕೆ ಎಷ್ಟು ಮೀಟಿಂಗಿನಲ್ಲಿ ಸುಮ್ಮನೆ ತಲೆ ಅಲ್ಲಾಡಿಸಿಕೊಂಡು ಕೂತಿರುತ್ತೇವೆ ಅನ್ನೋದರ ಲೆಕ್ಕ ಯಾರೂ ಹಾಕಿಲ್ಲ. ಹಾಕೋದೂ ಬೇಡ, ಬಿಡಿ.

ಮೊಹಾಲಿಯ ದಿನಕ್ಕೆ ವಾಪಸ್ ಬರೋಣ. ಅಣ್ಣಂದಿರು ಬೆಳಿಗ್ಗೆ ಬೇಗ ಬಂದು ಮಧ್ಯಾಹ್ನದವರೆಗೆ ನೇಯ್ದರು. ಕರೆಂಟು ಬಂದಾಗ ನೇಯೋದು, ಹೋದಾಗ ಎದ್ದು ಹೋಗೋದು ಅನ್ನುವ ಊರಲ್ಲಿ ಹೊತ್ತು ಹೊಂದಿಸಿಕೊಳ್ಳೋದನ್ನ ಯಾರೂ ಕಲಿಸಿಕೊಡಬೇಕಾಗಿಲ್ಲ. ಎರಡೂವರೆಗೆ ಓಣಿಗೆ ಓಣಿಯೇ ಸುಮ್ಮನಾಯಿತು. ಭಾರತ 260, ಪಾಕಿಸ್ತಾನ 231. ಪಟಾಕಿ, ಗುಲಾಲು ಎಲ್ಲ ಆಯ್ತು. ಇಲ್ಲಿಯವರೆಗೆ ಕಥೆ ಚೆನ್ನಾಗಿದೆ. ಆದರೆ ನಮ್ಮಲ್ಲಿ ಕಂಡಿಕೆ ಸುತ್ತಲು ಬರುತ್ತಿದ್ದ ಒಬ್ಬ ಅಜ್ಜಿ ಇದ್ದಳು. ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆ ಸುತ್ತುವುದು ಹೆಚ್ಚಾಗಿ ಹೆಣ್ಣುಮಕ್ಕಳ ಕೆಲಸ, ಅದಕ್ಕೂ ಕೂಲಿ ಸುತ್ತಿದ ಲೆಕ್ಕದಲ್ಲೇ. ಮಗ್ಗ ನಿಂತರೆ ಕಂಡಿಕೆ ಯಾರಿಗೆ ಬೇಕು? ಅವಳಿಗೆ ಕ್ರಿಕೆಟ್ ಗೊತ್ತಿರಲಿಲ್ಲ. ಟಿವಿ ಮುಂದೆ ಅವಳು ಕೂರಲೂ ಇಲ್ಲ. ಮರುದಿನ ಅವ್ವನ ಹತ್ತಿರ ಕೇಳಿದಳು: "ಇನ್ನೊಂದ್ ಮ್ಯಾಚ್ ಐತೇನಬೇ? ಯಾವತ್ತ ಅಂತ ಮದ್ಲs ಹೇಳ್ರಿ, ನಾ ಅವತ್ತ ಬ್ಯಾರೆ ಕಡೆ ಹೊಕ್ಕೇನಿ."

ಅಜ್ಜಿ ಕೇಳಿದ್ದು ಅದೊಂದೇ. ರಜೆ ಕೊಡಬೇಡಿ ಅನ್ನಲಿಲ್ಲ, ಮೊದಲೇ ಹೇಳಿ ಅಂದಳು. ಅಪ್ಪ ಫೈನಲ್ಲಿಗೆ, ಅಂದರೆ ಏಪ್ರಿಲ್ 2ರ ಶನಿವಾರಕ್ಕೆ, ಎರಡು ದಿನದ ಕಂಡಿಕೆ ಮೊದಲೇ ಸುತ್ತಿಸಿ ಇಟ್ಟರು. ಅವಳ ಕೂಲಿ ತಪ್ಪಲಿಲ್ಲ. ಬೀಳಗಿಯ ಆ ಹುಡುಗಿಯ ವಿಷಯ ನೆನಪಾದಾಗಲೆಲ್ಲ ನನಗೆ ಈ ಅಜ್ಜಿ ನೆನಪಾಗುತ್ತಾಳೆ. ನೋಡುವವನು ಬಿಟ್ಟು ಹೋದ ಭಾರ ಯಾವಾಗಲೂ ಕೆಳಗಿನವರ ಹೆಗಲಿಗೇ ಜಾರುತ್ತದೆ. ಎಷ್ಟೋ ಸಲ ಅವರು ಆ ಆಟ ನೋಡುವವರೂ ಆಗಿರುವುದಿಲ್ಲ.

ಮಗ್ಗವನ್ನಾದರೂ ನಿಲ್ಲಿಸಬಹುದು. ನಿಲ್ಲಿಸಲಿಕ್ಕೇ ಬಾರದ ಕೆಲಸಗಳಿವೆ. ಮುಧೋಳ, ಜಮಖಂಡಿ, ಬೀಳಗಿ ಈ ಮೂರೂ ತಾಲೂಕು ಕಬ್ಬಿನ ಸೀಮೆ, ಸಕ್ಕರೆ ಕಾರ್ಖಾನೆಗಳ ಸೀಮೆ. ಮಳೆಗಾಲ ಮುಗಿದ ಮೇಲೆ ನುರಿಸುವ ಹಂಗಾಮು ಶುರುವಾದರೆ ಮೂರು ಪಾಳಿ, ಇಪ್ಪತ್ನಾಲ್ಕು ತಾಸು. ಕಡಿದ ಕಬ್ಬು ಬಿದ್ದಷ್ಟೂ ತೂಕವೂ ಇಳಿಯುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ಬಾಯ್ಲರ್ ಆರಿಸಿ ಮತ್ತೆ ಹೊತ್ತಿಸೋದು ಸ್ಟವ್ ಹೊತ್ತಿಸಿದ ಹಾಗಲ್ಲ. ಅಂಗಳದಲ್ಲಿ ಟ್ರ್ಯಾಕ್ಟರುಗಳ ಸಾಲು ನಿಂತಿರುವಾಗ "ಸೆಮಿಫೈನಲ್ ಐತಿ, ನಾಳೆ ಬರ್ರಿ" ಅಂದರೆ ರೈತರು ಬಿಡ್ತಾರಾ? 2011ರ ಫೆಬ್ರವರಿ-ಮಾರ್ಚ್ ಇರಲಿ, 2023ರ ನವೆಂಬರ್ ಇರಲಿ, ಎರಡೂ ವಿಶ್ವಕಪ್ಪು ಬಂದದ್ದು ಕಬ್ಬಿನ ಹಂಗಾಮಿನಲ್ಲೇ.

ನನ್ನ ಸೋದರಮಾವ ಮುಧೋಳ ಕಡೆ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕಿದ್ದಾರೆ. ಅವರ ವಿಭಾಗದಲ್ಲಿ ಒಂದು ಹಳೆಯ ನೋಟ್‌ಬುಕ್ ಇದೆ. ಅಧಿಕಾರಿಗಳು ಮಾಡಿಸಿದ್ದಲ್ಲ, ಕೆಲಸಗಾರರೇ ಇಟ್ಟುಕೊಂಡದ್ದು. ಯಾರಿಗೆ ಯಾವ ದಿನ ಬಿಡುವು ಬೇಕೋ ಅವನು ತನ್ನ ಹೆಸರು ಬರೆಯಬೇಕು, ಎದುರಿಗೆ ತನ್ನ ಜಾಗಕ್ಕೆ ಬರುವವನು ಸಹಿ ಹಾಕಬೇಕು. ಹಾಗೆ ಬಂದವನಿಗೆ ಮುಂದಿನ ಹಬ್ಬಕ್ಕೋ ಜಾತ್ರೆಗೋ ಮೊದಲ ಹಕ್ಕು. ಕಾರಣ ಬರೆಯುವ ಕಾಲಂ ಇಲ್ಲವೇ ಇಲ್ಲ. ಮ್ಯಾಚ್ ಅಂತಲೂ ಬರೆಯಬೇಕಿಲ್ಲ, ಜ್ವರ ಅಂತಲೂ ಬರೆಯಬೇಕಿಲ್ಲ. ಮಾವ ಹೇಳೋದು, ಕ್ರಿಕೆಟ್ ಒಲ್ಲದ ನಾಲ್ಕು ಜನ ಮ್ಯಾಚ್ ದಿನ ಖುಷಿಯಿಂದ ಬರ್ತಾರೆ, ಯಾಕಂದ್ರೆ ಅವರಿಗೆ ಯುಗಾದಿ ಗಟ್ಟಿ ಆಗುತ್ತೆ ಅಂತ.

ಕಾನೂನೂ ಬಹಳ ಹಿಂದೆಯೇ ಇದನ್ನೇ ಯೋಚಿಸಿತ್ತು. 1948ರ ಕಾರ್ಖಾನೆ ಕಾಯ್ದೆಯಲ್ಲಿ ವರ್ಷಕ್ಕೆ 240 ದಿನ ದುಡಿದವನಿಗೆ ಪ್ರತಿ 20 ದಿನಕ್ಕೊಂದು ಸಂಬಳದ ರಜೆ ಇತ್ತು, ಅದಕ್ಕೆ ಸಾಮಾನ್ಯವಾಗಿ ಹದಿನೈದು ದಿನ ಮೊದಲು ಅರ್ಜಿ ಹಾಕಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಆ 240 ದಿನ 180ಕ್ಕೆ ಇಳಿದಿದೆ. ಒಳ್ಳೆಯದೇ. ಆದರೆ ನಮ್ಮ ಓಣಿಯ ಮಗ್ಗದ ಶೆಡ್ಡಿಗೆ ಇದ್ಯಾವುದೂ ತಲುಪುವುದಿಲ್ಲ ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು.

ಇದಕ್ಕೇ ನನಗೆ ಮ್ಯಾಚಿಗೆ ಸರ್ಕಾರಿ ರಜೆ ಕೊಡಿ ಅನ್ನೋ ಬೇಡಿಕೆ ಹಿಡಿಸೋದಿಲ್ಲ. 2025ರಲ್ಲಿ ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ಅಭಿಮಾನಿಯೊಬ್ಬ, ಆರ್‌ಸಿಬಿ ಕಪ್ ಗೆದ್ದರೆ ಆ ದಿನ ರಜೆ ಘೋಷಿಸಿ ಅಂತ ಮುಖ್ಯಮಂತ್ರಿಗೇ ಪತ್ರ ಬರೆದ. ಓದಿ ನಕ್ಕೆವು, ಶೇರ್ ಮಾಡಿದೆವು. ಜೂನ್ 3ರ ರಾತ್ರಿ ಕಪ್ ಬಂದೂ ಬಿಟ್ಟಿತು, ಹದಿನೆಂಟು ವರ್ಷ ಕಾದ ಕಪ್. ಮರುದಿನ ಬುಧವಾರ. ಮೆರವಣಿಗೆ ಇದೆಯೋ ಇಲ್ಲವೋ, ಎಲ್ಲಿ, ಎಷ್ಟೊತ್ತಿಗೆ ಎಂಬುದೇ ಸ್ಪಷ್ಟವಿಲ್ಲದೆ ಆಫೀಸು ಕಾಲೇಜು ಬಿಟ್ಟು ಜನ ಚಿನ್ನಸ್ವಾಮಿ ಕಡೆ ಹರಿದರು. ಹನ್ನೊಂದು ಜನ ವಾಪಸ್ ಮನೆಗೆ ಹೋಗಲಿಲ್ಲ. ಅದು ಯಾರ ತಪ್ಪು ಅನ್ನೋ ಚರ್ಚೆ ಇಲ್ಲಿ ಬೇಡ. ನಾಲ್ಕು ದಿನ ಬಿಟ್ಟು ಭಾನುವಾರ ಇಂಥ ಕಡೆ ಇಂಥ ಹೊತ್ತಿಗೆ ಅಂತ ಮೊದಲೇ ಸಾರಿ, ಎಲ್ಲ ಸಿದ್ಧತೆ ಮಾಡಿಕೊಂಡಿದ್ದರೆ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಬೇರೆ ದೇಶಗಳಲ್ಲೂ ಎರಡು ಥರ ಇದೆ. 2022ರ ನವೆಂಬರ್ 22ರಂದು ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಸೌದಿ ಅರೇಬಿಯಾ ಅರ್ಜೆಂಟೀನಾವನ್ನು ಸೋಲಿಸಿತು, ಅಲ್ಲಿನ ದೊರೆ ಮರುದಿನ ರಜೆ ಕೊಟ್ಟುಬಿಟ್ಟರು. ರಾಜರು ಕೈಯೆತ್ತಿ ಕೊಟ್ಟ ಇನಾಮು. ಆಸ್ಪತ್ರೆಯ ನರ್ಸು ರಾತ್ರೋರಾತ್ರಿ ಏನು ಮಾಡಿಕೊಂಡಳೋ ಗೊತ್ತಿಲ್ಲ. ಇನ್ನೊಂದು ಕಡೆ ಮೆಲ್ಬರ್ನ್ ಇದೆ. ನವೆಂಬರಿನ ಮೊದಲ ಮಂಗಳವಾರ ಕುದುರೆ ರೇಸು, ಊರಿಗೆಲ್ಲ ರಜೆ. ನೂರಕ್ಕೂ ಹೆಚ್ಚು ವರ್ಷದಿಂದ ನಡೆದಿದೆ. ಎಲ್ಲರಿಗೂ ಮೊದಲೇ ಗೊತ್ತು, ಮೊದಲೇ ತಯಾರಿ. ಬ್ರೆಜಿಲ್‌ನಲ್ಲಂತೂ ತಮ್ಮ ತಂಡ ವಿಶ್ವಕಪ್ ಆಡುವ ದಿನಗಳಿಗೆ ಸರ್ಕಾರಿ ಕಚೇರಿಗಳ ಹೊತ್ತನ್ನೇ ಆದೇಶ ಹೊರಡಿಸಿ ಬದಲಿಸುತ್ತಾರೆ, ತಪ್ಪಿದ ತಾಸನ್ನು ಆಮೇಲೆ ತುಂಬಿಕೊಡಬೇಕು. ನನಗೆ ಮೆಲ್ಬರ್ನ್ ಮತ್ತು ಬ್ರೆಜಿಲ್ ಇಷ್ಟ.

ಇನ್ನೊಂದು ವಿಷಯ ಹೇಳದೇ ಮುಗಿಸಲಾರೆ. ಆಟ ಅಂದರೆ ಕ್ರಿಕೆಟ್ಟೊಂದೇನಾ?

ಅದೇ ಹಳೆಯ ಕಂಪನಿಯಲ್ಲಿ ಜಮಖಂಡಿಯ ಗೆಳೆಯನೊಬ್ಬ ಇದ್ದ. ಅವನ ತಮ್ಮ ಸೈಕಲ್ ಪಟು. ನಮ್ಮ ಬಾಗಲಕೋಟೆ-ವಿಜಯಪುರದ ಹುಡುಗರು ಸೈಕಲ್ ಸ್ಪರ್ಧೆಗಳಲ್ಲಿ ರಾಜ್ಯಕ್ಕೆ ಹೆಸರು ತಂದವರು ಅನ್ನೋದು ಬೆಂಗಳೂರಿನಲ್ಲಿ ಎಷ್ಟು ಜನಕ್ಕೆ ಗೊತ್ತೋ ಏನೋ. ತಮ್ಮನ ರೇಸ್ ನೋಡಲು ಗೆಳೆಯ ಒಂದು ದಿನ ರಜೆ ಕೇಳಿದ. "ಸೈಕಲ್ ರೇಸಿಗೆಲ್ಲಾ ರಜೇನಾ?" ಅಂತ ನಗುತ್ತಾ ಇಲ್ಲ ಅಂದರು. ಹಾಗೆ ಅಂದವರೇ ಕ್ಯಾಂಟೀನಿನಲ್ಲಿ ಐಪಿಎಲ್‌ಗೆ ದೊಡ್ಡ ಪರದೆ ಕಟ್ಟಿಸಿದವರು. ಕೇರಳದ ಇನ್ನೊಬ್ಬ ಸಹೋದ್ಯೋಗಿ, ಕತಾರ್ ವಿಶ್ವಕಪ್ಪಿನ ಮ್ಯಾಚುಗಳು ನಮ್ಮ ರಾತ್ರಿ ಹನ್ನೆರಡೂವರೆಗೆ ಶುರುವಾಗುತ್ತಿದ್ದಾಗ, ಬೆಳಿಗ್ಗೆ ಎರಡು ತಾಸು ತಡವಾಗಿ ಬಂದು ಸಂಜೆ ಎರಡು ತಾಸು ಹೆಚ್ಚು ಕೂರ್ತೀನಿ ಅಂದ. ಅದಕ್ಕೂ ಆಗಲಿಲ್ಲ. ಅವನೂ ಜ್ವರ ಕಲಿತ.

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಬಸವಣ್ಣನ ವಾರ. ಎಷ್ಟೇ ಹದ ಇರಲಿ, ಮಳೆ ಬಂದಿರಲಿ, ಎತ್ತಿಗೆ ಅವತ್ತು ಬಿಡುವು, ರೈತ ತನ್ನ ಉಳುಮೆಯನ್ನೇ ಹಿಂದೆ ಮುಂದೆ ಮಾಡಿಕೊಳ್ಳುತ್ತಾನೆ. ಅದೇ ಎತ್ತುಗಳನ್ನು ಸಾಕಿ, ಮೈ ತಿಕ್ಕಿ, ಜಾತ್ರೆಯಲ್ಲಿ ತೆರಬಂಡಿ ಸ್ಪರ್ಧೆಗೆ ಇಳಿಸುತ್ತಾರೆ. ಭಾರ ಹೇರಿದ ಬಂಡಿ, ಸುತ್ತ ಸಾವಿರಾರು ಜನ. ಪಕ್ಕದ ಕಣದಲ್ಲಿ ಕುಸ್ತಿ. ಮೊಹಾಲಿಯಷ್ಟೇ ಗದ್ದಲ, ಟಿವಿಯಲ್ಲಿ ಬರೋದಿಲ್ಲ ಅಷ್ಟೇ. ಅದನ್ನು ನೋಡಲು ಊರಿಗೆ ಹೋಗ್ತೀನಿ ಅಂದವನಿಗೂ ವಾಂಖೆಡೆಗೆ ಹೋಗ್ತೀನಿ ಅಂದವನಿಗೂ ಒಂದೇ ಅರ್ಜಿ, ಒಂದೇ ಉತ್ತರ ಇರಬೇಕು ಅನ್ನೋದು ನನ್ನ ಹಟ.

ಈಗಿನ ಆಫೀಸಿನಲ್ಲಿ ಊಟದ ಟೇಬಲ್ಲಿನ ಆ ವಾದ ಮುಗಿದ ಮೇಲೆ ನಮ್ಮ ತಂಡಕ್ಕಷ್ಟೇ ಒಂದು ಹಾಳೆ ಮಾಡಿದ್ದೇನೆ. ಮಾವನ ನೋಟ್‌ಬುಕ್ಕಿನ ನಕಲು, ಮುಚ್ಚುಮರೆ ಏನಿಲ್ಲ. ದಿನ, ಹೋಗುವವರು, ಉಳಿಯುವವರು, ಉಳಿದವರಿಗೆ ಬದಲಿಗೆ ಬೇಕಾದ ದಿನ. ಕಾರಣದ ಕಾಲಂ ಇಲ್ಲ. ಹೊಸದಾಗಿ ಸೇರಿದವರನ್ನು ದೊಡ್ಡ ಮ್ಯಾಚಿನ ದಿನ ಒಬ್ಬರನ್ನೇ ಬಿಡುವಂತಿಲ್ಲ, ಜೊತೆಗೆ ಹಳಬರೊಬ್ಬರ ಹೆಸರು ಇರಲೇಬೇಕು, ಅವರು ಫೋನ್ ಎತ್ತಲೇಬೇಕು. ನಮ್ಮ ಮ್ಯಾನೇಜರು ನೋಡಿ ಒಂದೇ ಮಾತು ಕೇಳಿದರು: "ಇದರಲ್ಲಿ ನನ್ನ ಹೆಸರೂ ಬರೀಬಹುದಾ?" ಬರೆದರು, ಉಳಿಯುವವರ ಕಾಲಂನಲ್ಲಿ. ಪುಣ್ಯಾತ್ಮರು ಟೆನಿಸ್ ಪ್ರಿಯರಂತೆ, ಬದಲಿಗೆ ವಿಂಬಲ್ಡನ್ ಫೈನಲ್ ಹಿಂದಿನ ದಿನ ಕೇಳಿದ್ದಾರೆ. ಅದು ಶನಿವಾರ ಬರುತ್ತೆ ಅಂತ ಅವರಿಗೆ ಇನ್ನೂ ಯಾರೂ ಹೇಳಿಲ್ಲ :-)

ನಾನು ನಮ್ಮ ಬನಹಟ್ಟಿ ಕಾಡಸಿದ್ಧೇಶ್ವರ ಜಾತ್ರೆಗೆ ಎರಡು ದಿನ ಬರೆದಿದ್ದೇನೆ. ಎದುರಿಗಿನ ಜಾಗ ಇನ್ನೂ ಖಾಲಿ ಇದೆ. ಕೊಲ್ಕತ್ತದ ಹುಡುಗನ ಹತ್ತಿರ ಮಾತು ನಡೆದಿದೆ. ಅವನು ದುರ್ಗಾ ಪೂಜೆಯ ನಾಲ್ಕು ದಿನ ಕೇಳ್ತಿದ್ದಾನೆ, ನಾನು ಎರಡಕ್ಕೆ ಎರಡು ಅಂತಿದೀನಿ.